ಬಿಳಿ ಬಣ್ಣ ಖಾಲಿ

ಅಕ್ಟೋಬರ್ 28, ಸೋಮವಾರ

ಮೊಣಕೈ ಮತ್ತೆ ತರಚಿತು. ಬಸ್ ಶೆಡ್ ಹಿಂದಿನ ಜಾಗ — ಕಲ್ಲು, ಮುಳ್ಳು, ಒಂದು ಹಳೇ ಟೈರು. ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಪ್ರಾಕ್ಟೀಸು ಇಲ್ಲೇ — ಚೆಂಡು ಹಿಡಿದು ಓಡೋಳನ್ನ ಕೆಡವದೆ, ಸೊಂಟದ ಪಟ್ಟಿ ಕಿತ್ತು ನಿಲ್ಲಿಸೋ ಆಟ. ಆದ್ರೂ ಒಂಬತ್ತರಲ್ಲಿ ಎಂಟು ಗೆದ್ದಿದೀವಿ. ಹುಡುಗರು ಗೆದ್ದಿದ್ದು ಐದು. ಆದ್ರೆ ಈ ಅಲಬಾಮಾದಲ್ಲಿ ಶುಕ್ರವಾರ ಅಂದ್ರೆ ಹುಡುಗರ ಫುಟ್‌ಬಾಲು, ದೇವರು ಆಮೇಲೆ.

ಮುಂದಿನ ಗುರುವಾರ ನಮ್ಮ ಕೊನೇ ಮ್ಯಾಚ್, ದೊಡ್ಡ ಮೈದಾನದಲ್ಲಿ. ನನ್ನಂಥ ಕೊನೇ ವರ್ಷದವರು ಅಪ್ಪ ಅಮ್ಮನ ತೋಳು ಹಿಡಿದು ನಡುಗೆರೆವರೆಗೆ ನಡೀಬೇಕು, ಮೈಕಲ್ಲಿ ಹೆಸರು ಕೂಗ್ತಾರೆ. ಹುಡುಗರಿಗೆ ಅರವತ್ತು ವರ್ಷದಿಂದ ಇದೆ. ನಮಗೆ ಇದೇ ಮೊದಲು. ಆ ಗೆರೆ ಎಳೆಯೋನು ನಮ್ಮಪ್ಪ. ಹತ್ತೊಂಬತ್ತು ವರ್ಷದಿಂದ ಆ ಹುಲ್ಲು ನೋಡ್ಕೊಳ್ತಿರೋದು ಅವನೇ.

ನವೆಂಬರ್ 1, ಶುಕ್ರವಾರ, ಊಟದ ಬಿಡುವು

ಮೈದಾನ ಇಲ್ಲವಂತೆ. ಸ್ಕೂಲಿನ ಆಟೋಟಕ್ಕೆಲ್ಲ ಹ್ಯಾಸ್ಕೆಲ್ಲೇ ಮುಖ್ಯಸ್ಥ, ಕ್ಯಾಂಟೀನಿಗೆ ಬಂದು ಹೇಳಿದ. ಎಂಟನೇ ತಾರೀಕು ಹುಡುಗರ ನಾಕೌಟ್, ಟೀವಿಯವರು ಬರ್ತಾರೆ, ಹುಲ್ಲು ಕೆಡಬಾರದು.

"ಸೊಂಟದ ಪಟ್ಟಿ ಕೀಳೋ ಆಟ ತಾನೇ ನಿಮ್ದು? ಶೆಡ್ ಹಿಂದೆ ಆಡ್ಕೊಳ್ರಮ್ಮ."

ನನ್ನ ಗೆಳತಿ ಬ್ರಿಯೆಲ್ ಬಿಡ್ತಾಳಾ? "ಸರ್, ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡೋರು ನಿಮ್ಮ ಹುಡುಗರು. ನಾವು ಯಾರನ್ನೂ ಬೀಳಿಸೋದೇ ಇಲ್ಲ. ಹುಲ್ಲು ಕೆಡಿಸೋರು ಯಾರು?"

ಎಲ್ಲರೂ ನಕ್ಕರು. ಹ್ಯಾಸ್ಕೆಲ್ ಕಿವಿವರೆಗೆ ಕೆಂಪಗಾದ. ಆದ್ರೆ ಮಾತು ಬದಲಿಸಲಿಲ್ಲ.

ಅದೇ ದಿನ, ಸಂಜೆ

ಮೈದಾನದ ಗೇಟಿನ ಕೀ ಇರೋದು ಅಪ್ಪನ ಸೊಂಟದಲ್ಲೇ. ಕೇಳಿದೆ.

"ಕೊಡಲ್ಲ ಕಣೇ. ಬೀಗ ಹಾಕು ಅಂದಿದಾರೆ. ಹಾಕ್ತೀನಿ."

"ಹಾಗಾದ್ರೆ ಗುರುವಾರ ನನ್ನ ಜೊತೆ ಬರಬೇಡ. ಅಮ್ಮ ಸಾಕು."

ಕಾರ್ನ್‌ಬ್ರೆಡ್ ಮುರೀತಾ ಕೂತ, ತಿನ್ನಲಿಲ್ಲ. ತಿನ್ನದಿದ್ರೆ ಬಿಡಲಿ.

ನವೆಂಬರ್ 6, ಬುಧವಾರ

ಐದು ದಿನದಿಂದ ಅಪ್ಪನ ಜೊತೆ ಮಾತಿಲ್ಲ. ದಿನಾ ತಡವಾಗಿ ಬರ್ತಾನೆ, ಬೂಟೆಲ್ಲ ಮಣ್ಣು. ಈಗ ಶೆಡ್ ಹಿಂದೆಯೂ ಹಗ್ಗ ಕಟ್ಟಿ, "ಪ್ರವೇಶವಿಲ್ಲ" ಬೋರ್ಡು. ಅದನ್ನೂ ಕಿತ್ಕೊಂಡ್ರು. ಪ್ರಾಕ್ಟೀಸು ಚರ್ಚಿನ ಪಾರ್ಕಿಂಗಲ್ಲಿ. ಆಡೇ ಆಡ್ತೀವಿ, ರಸ್ತೆ ಮೇಲಾದ್ರೂ ಸರಿ.

ನವೆಂಬರ್ 7, ಗುರುವಾರ, ಸಂಜೆ 7

ಸ್ಕೂಲು ಬಿಟ್ಟ ಮೇಲೆ ಶೆಡ್ ಹಿಂದೆ ಹೋಗಿ ನೋಡಿದ್ವಿ.

ಹಗ್ಗ ಬಿಚ್ಚಿತ್ತು. ಕಲ್ಲಿಲ್ಲ, ಟೈರಿಲ್ಲ, ಹುಲ್ಲು ಒಂದೇ ಸಮ. ಗೆರೆಗಳು... ನಮ್ಮ ಆಟದ ಅಳತೆಗೇ, ಒಂದಿಂಚು ಓರೆ ಇಲ್ಲ. ನಡುವೆ ಬಿಳಿ ಬಣ್ಣದಲ್ಲಿ ಬರೆದ ಸ್ಕೂಲಿನ ಲಾಂಛನದ ಗಿಡುಗ, ರೆಕ್ಕೆ ಬಿಚ್ಚಿ. ದೊಡ್ಡ ಮೈದಾನದ್ದಕ್ಕಿಂತ ದೊಡ್ಡದು. ಅಪ್ಪ ಇಸ್ತ್ರಿ ಶರ್ಟು ಹಾಕಿ ನಿಂತಿದ್ದ, ಉಗುರಲ್ಲೆಲ್ಲ ಬಿಳಿ ಬಣ್ಣ.

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಊರಿಗೆಲ್ಲ ಡಂಗುರ ಹೊಡೀತಿದ್ದೆ. ಈಗ ಬರಲಾ, ಬೇಡವಾ?"

ತೋಳು ಹಿಡ್ಕೊಂಡೆ. ಇನ್ನೊಂದು ಕಡೆ ಅಮ್ಮ. ಮೈಕಿಲ್ಲ. ಬ್ರಿಯೆಲ್ ಅಮ್ಮ ಚರ್ಚಲ್ಲಿ ಹಾಡೋ ಗಂಟಲಲ್ಲೇ ನನ್ನ ಹೆಸರು ಕೂಗಿದ್ಲು — ನಡೀನ್ ಟಾಲ್ಬರ್ಟ್. ಹೆದ್ದಾರಿಗೂ ಕೇಳಿರುತ್ತೆ. ನಾನು ಅತ್ತೆ. ಅತ್ತರೇನು, 26–12ರಲ್ಲಿ ಗೆದ್ವಿ.

ಆಮೇಲೆ ಹ್ಯಾಸ್ಕೆಲ್ ಅಪ್ಪನ ಹತ್ರ ಓಡಿ ಬಂದ.

"ಓಟಿಸ್, ನಾಳೆ ಮ್ಯಾಚು, ದೊಡ್ಡ ಮೈದಾನಕ್ಕೆ ಗೆರೇನೇ ಎಳೆದಿಲ್ಲ."

"ಬಣ್ಣ ಖಾಲಿ ಸರ್."

"ಆರು ಡಬ್ಬ ಇತ್ತು."

"ಇತ್ತು." ಅಪ್ಪ ನಮ್ಮ ಗಿಡುಗದ ಕಡೆ ಗದ್ದ ತಿರುಗಿಸಿದ. "ನೀವು ಹೇಳಿದ ಹಾಗೇ ಬೀಗ ಹಾಕಿದೀನಿ. ಹುಲ್ಲಿಗೆ ಏನೂ ಆಗಿಲ್ಲ."

ನವೆಂಬರ್ 8, ಶುಕ್ರವಾರ, ಬೆಳಗ್ಗೆ 6:40

ಪ್ರಿನ್ಸಿಪಾಲ್ ಫೋನ್ ಮಾಡಿದ್ರು. ಏಳೂವರೆಗೆ ಅಪ್ಪ ಆಫೀಸಿಗೆ ಬರಬೇಕಂತೆ. ಕೀಗೊಂಚಲು ತರಬೇಕಂತೆ.

ಅಪ್ಪ ನಿನ್ನೆಯ ಶರ್ಟೇ ಹಾಕ್ಕೊಂಡ. ಉಗುರು ತೊಳೆದಿಲ್ಲ.

"ಹೆದರಿಕೆ ಆಗ್ತಿದ್ಯಾ ಅಪ್ಪ?"

"ಆಗ್ತಿದೆ."

ಆಗದೇ ಇರುತ್ತಾ. ಹತ್ತೊಂಬತ್ತು ವರ್ಷದ ಕೆಲಸ.

ಆದ್ರೆ ಅಪ್ಪ ಒಬ್ಬನೇ ಹೋಗಲ್ಲ. ನಾನು ಜೆರ್ಸಿ ಹಾಕ್ಕೊಂಡಾಯ್ತು. ಬ್ರಿಯೆಲ್ ಟೀಮಿನ ಎಲ್ಲರನ್ನೂ ಎಬ್ಬಿಸಿದಾಳೆ. ಗೇಟಿಂದ ಆಫೀಸಿನ ಬಾಗಿಲವರೆಗೆ ತೋಳು ಹಿಡಿದು ನಡೆಸ್ತೀನಿ, ಅವಳಮ್ಮ ಅಪ್ಪನ ಹೆಸರು ಕೂಗ್ತಾಳೆ. ಹೊರಗೆ ಕಾರು ಬಂದು ನಿಲ್ತಿವೆ... ಒಂದು, ಎರಡು, ಐದು — ಅಪ್ಪ ಕಿಟಕೀಲಿ ನೋಡಿ ನನ್ನ ಕರೀತಿದಾನೆ. ಬಂದೆ ಅಪ್ಪ, ನನ್ನ ಬೂಟು ಎಲ್ಲಿ