ಕೋಟಿನಾಂವನ ಒಂಬತ್ತನೆಯ ಸಿನಿಮಾ

ಮೂಡಲಗಿ
ರವಿವಾರ, ೧೬ ನವೆಂಬರ್ ೨೦೨೫

ಪ್ರೀತಿಯ ದಾನವ್ವನಿಗೆ,

ಶೈಲಕ್ಕನ ಆಶೀರ್ವಾದ. ನಾನು ಆರಾಮಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ, ಅದು ನನಗೆ ತಿಳಿದುಬಂದಿದೆ. ಬರೆಯಲು ನಾಲ್ಕು ವಾರ ತಡವಾಯಿತು, ಕ್ಷಮಿಸು. ಕಾಗದ ನೇರವಾಗಿ ನಿನ್ನ ಕೈಗೇ ತಲುಪುವ ದಾರಿ ಸಿಗುವವರೆಗೆ ಬರೆಯುವ ಧೈರ್ಯವಾಗಲಿಲ್ಲ.

ಮೊದಲು ಕೆಲಸದ ಮಾತು. ಇದನ್ನು ನೀರೊಲೆಯ ಮುಂದೆ ಕುಳಿತು ಓದು. ಬಚ್ಚಲಿನ ಕಡೆಗೆ ಕ್ಯಾಮೆರಾ ಇಲ್ಲ, ಬಳೆಗಾರ್ತಿ ಲಗಮವ್ವ ಕಾಲು ತೊಳೆಯಲು ಹೋದಾಗ ನೋಡಿ ಬಂದಿದ್ದಾಳೆ. ಓದಿ ಮುಗಿಸಿ ಒಲೆಗೆ ಹಾಕು. ಸಿನಿಮಾದ ನಮ್ಮ ಕೋಟಿನಾಂವ ಇಂಥ ಕಾಗದಗಳನ್ನು ನುಂಗಿ ನೀರು ಕುಡಿಯುತ್ತಿದ್ದ. ನೀನು ಆ ಸಾಹಸಕ್ಕೆ ಹೋಗಬೇಡ, ಇದು ನಮ್ಮ ಗ್ರಂಥಾಲಯದ ದಪ್ಪ ಕಾಗದ.

ಅಕ್ಟೋಬರ್ ಹತ್ತೊಂಬತ್ತರ ರವಿವಾರ ನೀನು ಫೋನಿನಲ್ಲಿ ಅಂದದ್ದನ್ನು ನಾನು ಕೇಳಿಸಿಕೊಂಡೆ. ಬೇರೆಲ್ಲದಕ್ಕಿಂತ ಮೊದಲು ಇದು ನಿನಗೆ ಗೊತ್ತಾಗಬೇಕು. ಎಂದಿನಂತೆ ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ನಿನ್ನ ಗಂಡ ಮಹೇಶ ಕೂತಿದ್ದ, ಅವನ ಕುರ್ಚಿ ಕಿರುಗುಡುತ್ತಿತ್ತು. ಊಟವಾಯಿತೇ, ಹತ್ತರಗಿಯಲ್ಲಿ ಚಳಿ ಬಿತ್ತೇ ಎಂದು ನಾಲ್ಕು ಮಾತು ಆಡಿದೆವು. ಕೊನೆಗೆ ನೀನು, “ಹೋಗತೇನಿ ಅಕ್ಕಾ” ಅಂದೆ.

“ಏನಂದಿ?” ಅಂದೆ. ಕೇಳಬಾರದಾಗಿತ್ತು.

“ಹೋಗತೇನಿ ಅಂದ್ಳ್ರಿ ಅಕ್ಕಾರ,” ಎಂದು ಮಹೇಶ ನಕ್ಕ. “ಎಲ್ಲಿ ಹೊಕ್ಕಾಳ? ಭಾಳಂದ್ರ ಅಡಗಿಮನಿತನಕ.”

ಫೋನು ಕಟ್ಟಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಅದನ್ನು ನೋಡುತ್ತ ನಿಂತಿದ್ದೆ, ಗ್ಯಾಸು ಆರಿಸುವುದು ತೋಚಲಿಲ್ಲ.

ಬೇರೆಯವರ ಮನೆಗಳಲ್ಲಿ ಫೋನು ಮುಗಿಸುವಾಗ “ಇಡತೇನಿ” ಅನ್ನುತ್ತಾರೆ. ನಾವಿಬ್ಬರೇ ಇಪ್ಪತ್ತೆಂಟು ವರ್ಷಗಳಿಂದ, ಎದುರಿಗಿದ್ದರೂ ಫೋನಿನಲ್ಲಿದ್ದರೂ, “ಬರತೇನಿ” ಅಂದು ಮುಗಿಸುವವರು. ಅದನ್ನು ನಮಗೆ ಕೊಟ್ಟವರು ಅಪ್ಪ, ಗೋಕಾಕದ ಥೇಟರಿನ ಬಾಲ್ಕನಿಯಲ್ಲಿ. ನಿನಗಾಗ ಏಳು ವರ್ಷ, ಎಷ್ಟು ನೆನಪಿದೆಯೋ ತಿಳಿಯದು. ನನಗೆ ಹದಿನೆಂಟು, ಎಲ್ಲ ನೆನಪಿದೆ.

ಆ ಸಿನಿಮಾದ ಇಂಗ್ಲಿಷ್ ಗೂಢಚಾರನ ಹೆಸರು ಹೇಳಲು ನಮ್ಮಿಬ್ಬರಿಗೆ ಬರುತ್ತಿರಲಿಲ್ಲ. ಅದಕ್ಕೆ ಅಪ್ಪ ಅವನನ್ನು ‘ಕೋಟಿನಾಂವ’ ಮಾಡಿಬಿಟ್ಟರು. ಈವರೆಗೆ ಅವನ ಸಿನಿಮಾಗಳು ಇಪ್ಪತ್ತಮೂರು. ನಟರು ನಾಲ್ಕು ಸಲ ಬದಲಾದರು, ಬೂದು ಕೋಟು ಬದಲಾಗಲಿಲ್ಲ. ಗೋಕಾಕದ ಮಂದಿಗೆ ನಾಲ್ಕನೆಯದು ಇಷ್ಟ, ಅದರಲ್ಲಿ ರೈಲಿನ ಸಮೇತ ಸೇತುವೆ ಬೀಳುತ್ತದೆ. ನನಗೆ ಒಂಬತ್ತನೆಯದು. ಅದರಲ್ಲಿ ಗುಂಡಿನ ಸದ್ದು ಒಂದೇ ಸಲ, ಅದೂ ದೂರದಲ್ಲಿ, ಯಾರೋ ಹಕ್ಕಿ ಹೊಡೆದದ್ದು ಎಂದು ಅಪ್ಪ ಹೇಳಿದ್ದರು. ಉಳಿದದ್ದೆಲ್ಲ ಒಂದು ಮನೆ, ಒಂದು ಫೋನು, ಸೆರೆಯಲ್ಲಿರುವ ಒಬ್ಬ ಹೆಂಗಸು. ಕೋಟಿನಾಂವನ ಕಚೇರಿಯವಳು. ಎಲ್ಲ ಸರಿಯಾಗಿದೆ ಎಂದು ಕಚೇರಿ ನಂಬಲಿ ಅಂತ, ಹಿಡಿದಿಟ್ಟವರು ವಾರಕ್ಕೊಮ್ಮೆ ಅವಳಿಂದ ಫೋನು ಮಾಡಿಸಿ ಪಕ್ಕದಲ್ಲೇ ಕೂತಿರುತ್ತಾರೆ. ಆದರೆ ಮಾತು ಮುಗಿಸುವ ಒಂದು ಪದದಲ್ಲಿ ಅವಳು ಮೊದಲೇ ಗುರುತು ಮಾಡಿಟ್ಟಿರುತ್ತಾಳೆ.

ಅಪ್ಪ ಗಿರಣಿಯ ಕಚೇರಿಯಲ್ಲಿ ಟೈಪಿಸ್ಟು, ಇಂಗ್ಲಿಷ್ ಬಲ್ಲವರು. ಇಡೀ ಬಾಲ್ಕನಿಗೆ ಕೇಳುವಂತೆ ಕನ್ನಡದಲ್ಲಿ ಹೇಳುತ್ತಿದ್ದರು: “ನೋಡ ದಾನಿ, ಆಕಿ ಬರತೇನಿ ಅಂದ್ರ ಆರಾಮ ಅದಾಳ. ಹೋಗತೇನಿ ಅಂದ್ರ ಸಿಕ್ಕೊಂಡಾಳ, ಲಗೂನ ಬರ್ರಿ ಅಂತ ಅರ್ಥ. ನಮ್ಮ ಮಂದಿ ಬಾಯಾಗ ಹೊರಡಾಗ ಹೋಗತೇನಿ ಅಂತ ಎಂದರ ಬರತೈತೇನು?”

ಹಿಂದಿನ ಸಾಲಿನಿಂದ ನಮ್ಮ ಓಣಿಯ ಅಲ್ಲಪ್ಪ, “ಏ ಅಪ್ಪಣ್ಣ ಕಾಕಾ, ನಾವು ಸಿನಿಮಾ ನೋಡಾಕ ಬಂದೇವೋ ಪುರಾಣ ಕೇಳಾಕ ಬಂದೇವೋ?” ಎಂದು ಕೂಗಿದ.

“ನಿನಗ ಇಂಗ್ಲಿಷ್ ತಿಳೀತೈತೇನಲೇ? ಪುಕ್ಕಟ ಹೇಳಾಕತ್ತೇನಿ, ಸುಮ್ಮ ಕೇಳ.”

ಮೂಲದಲ್ಲಿ ಬೇರೆ ಯಾವುದೋ ಎರಡು ಪದಗಳಿದ್ದವು. ಅಪ್ಪ ಅವನ್ನು ಬಿಟ್ಟು ನಮ್ಮವನ್ನು ಇಟ್ಟರು. ಅನುವಾದವೆಂದರೆ ಅದು. ಮೊನ್ನೆ ಗ್ರಂಥಾಲಯಕ್ಕೆ ಬಂದ ಒಂದು ಹೊಸ ಅನುವಾದಿತ ಕಾದಂಬರಿಯಲ್ಲಿ ಹಳ್ಳಿಯ ಅಜ್ಜಿಯೊಬ್ಬಳು ದನ ಕಟ್ಟುತ್ತ “ಶುಭ ಮುಂಜಾನೆ, ಮೊಮ್ಮಗನೇ” ಅನ್ನುತ್ತಾಳೆ. ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದೇನೆ.

ಕೊನೆಯಲ್ಲಿ ಕೋಟಿನಾಂವ ಆ ಮನೆಗೆ ಹೋದಾಗ ಕೋಣೆ ಖಾಲಿ, ಒಂದು ಕುರ್ಚಿ ಅಡ್ಡ ಬಿದ್ದಿತ್ತು. ನೀನು ಅಳಲು ಶುರು ಮಾಡಿದೆ. ಅಪ್ಪ ನಿನ್ನನ್ನು ತೊಡೆಗೆ ಎಳೆದುಕೊಂಡು, “ಯಾಕ ಅಳತಿ ಹುಚ್ಚಿ? ಆಕಿ ಇವರೆಲ್ಲರಕಿಂತ ಶಾಣ್ಯಾಕಿ. ಹಿತ್ತಲ ಬಾಗಲದಿಂದ ಪಾರಾಗಿ ಅಕ್ಕನ ಮನಿಗಿ ಹ್ವಾದ್ಳು” ಅಂದರು. ಬಸ್ ಸ್ಟ್ಯಾಂಡಿನವರೆಗೂ ನೀನು “ಅಕ್ಕನ ಮನಿ ಎಲ್ಲಿ ಐತಿ?” ಎಂದು ಕೇಳುತ್ತಲೇ ಬಂದೆ.

ಹೀಗೆ ಆ ರವಿವಾರ ನಿನ್ನ ಮಾತು ನನಗೆ ಅರ್ಥವಾಯಿತು. ಬುಧವಾರ ಕರದಂಟಿನ ಪೆಟ್ಟಿಗೆ ಹಿಡಿದು ನಿಮ್ಮ ಮನೆಗೆ ಬಂದೆ. ಇದನ್ನು ನಿನಗೆ ಯಾರೂ ಹೇಳಿರಲಾರರು. ನಿನ್ನ ಅತ್ತೆ ಚನ್ನವ್ವ ಬಾಗಿಲಲ್ಲೇ ನಿಂತು, “ಬರ್ರಿ ಶೈಲಕ್ಕಾರ, ಈಗರ ಗುಳಿಗಿ ತೊಗೊಂಡ ಮಲಗ್ಯಾಳ್ರಿ. ಎಬ್ಬಸೂದು ಬ್ಯಾಡ್ರಿ” ಅಂದರು.

“ಯಾವ ಗುಳಿಗೀರಿ?”

“ತಲಿ ಶಾಂತ ಇರಾಕ್ರಿ. ಇತ್ತಿತ್ಲಾಗ ಏನೇನರ ಮಾತಾಡತಾಳ್ರಿ.”

ಪಡಸಾಲೆಯಲ್ಲಿ ಚಹಾ ಕೊಟ್ಟರು. ಒಳಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ನಿನ್ನ ಚಪ್ಪಲಿ ಜೋಡಿ ಬಾಗಿಲ ಹತ್ತಿರ ಇರಲಿಲ್ಲ. ಕತ್ತೆತ್ತಿ ನೋಡಿದರೆ ಅಟ್ಟದ ಮೇಲೆ, ಕೈಗೆಟುಕದ ಕಡೆ ಇಟ್ಟಿದ್ದರು. ಅಷ್ಟರಲ್ಲಿ ಮಹೇಶ ಹೆದ್ದಾರಿಯ ಟೈರ್ ಅಂಗಡಿಯಿಂದ ಬಂದ, ಯಾರೂ ಕರೆಯದೆ. ಅಂಗಳದ ಕ್ಯಾಮೆರಾ ಅವನ ಮೊಬೈಲಿನಲ್ಲಿ ಕಾಣುತ್ತದೆ. “ಇನ್ನ ಮ್ಯಾಲ ಬರೂದಿದ್ರ ಫೋನ್ ಮಾಡಿ ಬರ್ರಿ ಅಕ್ಕಾರ. ನಿಮಗ ಸುಮ್ಮ ತ್ರಾಸ,” ಅಂದ. ದನಿ ಬಹಳ ಮೆತ್ತಗಿತ್ತು. ಕರದಂಟಿನ ಪೆಟ್ಟಿಗೆಯನ್ನು ನನ್ನೆದುರೇ ತೆರೆದು, ಕೆಳಗಿನ ಕಾಗದವನ್ನೂ ಎತ್ತಿ ನೋಡಿದ.

ಅಂದಿನಿಂದ ನಿನ್ನ ಫೋನು ನಿಂತಿದೆ. ನಾಲ್ಕು ರವಿವಾರ. ಇವತ್ತೂ ಕಾದೆ.

ಲಗಮವ್ವ ಸಿಕ್ಕಿದ್ದು ಹುಕ್ಕೇರಿ ಸಂತೆಯಲ್ಲಿ. ನಾನೇ ಹುಡುಕಿಕೊಂಡು ಹೋದೆ. ಯಾರನ್ನೂ ಒಳಗೆ ಬಿಡದ ಮನೆಯೂ ಬಳೆಗಾರ್ತಿಯನ್ನು ಬಿಡುತ್ತದೆ ಎಂದು ಲೆಕ್ಕ ಹಾಕಿದ್ದೆ. ಮೊದಲು ಅವಳು ಮಾತು ತಪ್ಪಿಸಿದಳು. ಆಮೇಲೆ ಬುಟ್ಟಿ ಮುಚ್ಚಿ ಹೇಳಿದಳು: “ತಂಗ್ಯಾರಿಗಿ ಯಾವತ್ತೂ ಎರಡ-ನಾಕರ ಅಳತಿ ಬಳಿ ಸರಳ ಏರತಿದ್ದೂರಿ. ಈ ಸಲ ಎರಡ-ಆರನೂ ಏರಲಿಲ್ಲ. ಮಣಿಕಟ್ಟ ಬಾತೈತ್ರಿ. ಬಾಜೂಕ ಅತ್ತಿ ಕುಂತಿದ್ಳು, ನಾ ಏನೂ ಕೇಳಲಿಲ್ಲ. ಸುಮ್ಮ ಕೈ ಹಿಡಕೊಂಡ್ನಿ. ಕಡೀಕ ಎರಡ-ಎಂಟರ ಬಳಿ ಇಟ್ಟಾದ ಮ್ಯಾಲೂ ಆಕಿ ನನ್ನ ಕೈ ಬಿಡಲಿಲ್ರಿ.”

ಕಾಗದ ಮುಟ್ಟಿಸುತ್ತೀಯಾ ಎಂದು ಕೇಳಿದೆ. “ಬಳಿ ಸುತ್ತಿದ ಕಾಗದ ಯಾರ ಬಿಚ್ಚಿ ಓದತಾರ್ರಿ?” ಅಂದಳು. ಆದ್ದರಿಂದ ಮಂಗಳವಾರ ಇದು ಒಂದು ಡಜನ್ ಹಸಿರು ಬಳೆಗೆ ಸುತ್ತಿಕೊಂಡು ಬರುತ್ತದೆ.

ಈಗ ಗಮನವಿಟ್ಟು ಓದು. ಈ ಗುರುವಾರ, ಇಪ್ಪತ್ತನೆಯ ತಾರೀಖು, ಹತ್ತರಗಿಯ ರೇಷನ್ ಅಂಗಡಿಯಲ್ಲಿ ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಹೆಬ್ಬೆಟ್ಟು ಒತ್ತಬೇಕು. ನಿನ್ನ ಬದಲು ಬೇರೆಯವರು ಒತ್ತುವಂತಿಲ್ಲ, ಆದ್ದರಿಂದ ನಿನ್ನನ್ನು ಹೊರಗೆ ಕರೆತರಲೇಬೇಕು. ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ಅತ್ತೆ ನಿನ್ನ ಹಿಂದೆ ಇರುತ್ತಾರೆ, ಮಹೇಶ ಆಚೆ ಗೋಡೆಯ ಕಡೆ. ಬೆಳಿಗ್ಗೆ ಒಂಬತ್ತರಿಂದ ನಾನು ಎದುರಿನ ಹಾಲಿನ ಡೇರಿಯ ಕಟ್ಟೆಯ ಮೇಲೆ ಇರುತ್ತೇನೆ, ಅಪ್ಪನ ಬೂದು ಕೋಟು ಹಾಕಿಕೊಂಡು, ತಲೆಗೆ ಮಫ್ಲರು ಕಟ್ಟಿಕೊಂಡು. ನಗಬೇಡ. ಅಪ್ಪ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿದ್ದುದನ್ನು ಬಿಸಿಲಿಗೆ ಹಾಕಿದ್ದೇನೆ. ಚಳಿಗಾಲ, ಯಾರೂ ಎರಡನೆಯ ಸಲ ನೋಡುವುದಿಲ್ಲ. ನಮ್ಮ ಲಕ್ಷ್ಮಣ ಕಾಕಾನ ಜೀಪು ಡೇರಿಯ ಹಿಂದೆ, ಹೆದ್ದಾರಿಗೆ ಮುಖ ಮಾಡಿ ನಿಂತಿರುತ್ತದೆ. ಒಳಗೆ ಹುಕ್ಕೇರಿಯ ವಕೀಲರು ಅನ್ನಪೂರ್ಣಾ ಇರುತ್ತಾರೆ. ಪೊಲೀಸರಿಗೆ ಕೊಡುವ ಅರ್ಜಿ ಅವರ ಚೀಲದಲ್ಲಿದೆ. ನೀನು ಓದಿ ಸಹಿ ಮಾಡಿದ ಮೇಲೆಯೇ ಕೊಡುವುದು.

ಹೆಬ್ಬೆಟ್ಟು ಒತ್ತಿದ ಮೇಲೆ ಅತ್ತೆಯ ಕಡೆ ತಿರುಗಿ ಸಾದಾ ದನಿಯಲ್ಲಿ “ಬರತೇನಿ ಅತ್ತೀ” ಅನ್ನು. ರಸ್ತೆ ದಾಟು. ಓಡಬೇಡ. ಓಡುವವರ ಹಿಂದೆ ಮಂದಿ ಓಡುತ್ತಾರೆ. ಬರತೇನಿ ಅಂದು ಹೊರಟವಳು ತಿರುಗಿ ಬರುತ್ತಾಳೆ ಎಂದೇ ಅವರು ತಿಳಿಯುತ್ತಾರೆ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ನೀನು ಅರ್ಧ ದಾರಿ ದಾಟಿರುತ್ತೀ. ಸಾಲಿನಿಂದ ಕಟ್ಟೆಗೆ ಮೂವತ್ತೊಂದು ಹೆಜ್ಜೆ, ನಿನ್ನೆ ನಡೆದು ನೋಡಿದ್ದೇನೆ. ಬರಿಗಾಲಿನಲ್ಲೇ ಬಾ, ಜೀಪಿನಲ್ಲಿ ನಿನ್ನ ಅಳತೆಯ ಚಪ್ಪಲಿ ಇದೆ.

ಆಗದಿದ್ದರೆ, ಅಥವಾ ಬೇಡ ಅನಿಸಿದರೆ, ತಲೆಯ ಮೇಲೆ ಸೆರಗು ಹೊದ್ದುಕೋ. ನಾನು ಎದ್ದು ಬಂದು ನಿನ್ನನ್ನು ಕಷ್ಟಕ್ಕೆ ಸಿಲುಕಿಸುವುದಿಲ್ಲ. ಬೇರೆ ದಾರಿ ಹುಡುಕುತ್ತೇನೆ. ಆದರೆ ಅಲ್ಲಿಂದ ಕದಲುವುದೂ ಇಲ್ಲ, ಅಂಗಡಿ ಮುಚ್ಚುವವರೆಗೆ.

ನಿನ್ನ ಹಾಸಿಗೆಯನ್ನು ಕಿಟಕಿಯ ಬದಿಗೆ ಹಾಕಿದ್ದೇನೆ. ಮನೆಯಲ್ಲಿ ಚಿಲಕ ಒಳಗಿನಿಂದ ಮಾತ್ರ ಹಾಕುವಂಥದು. ಬಸವಣ್ಣ ನಿನ್ನನ್ನು ಆ ಮೂವತ್ತೊಂದು ಹೆಜ್ಜೆ ನಡೆಸಲಿ.

ಬರತೇನಿ.

ನಿನ್ನ ಅಕ್ಕ,
ಶೈಲಾ

ತಾ.ಕ.: ಮರೆತಿದ್ದೆ ಎಂದು ಇಲ್ಲಿ ಸೇರಿಸಿದರೆ ಸುಳ್ಳಾಗುತ್ತದೆ. ಇದನ್ನು ಬರೆಯಲು ಆಗದೆ ಮೇಲಿನದನ್ನೆಲ್ಲ ಬರೆದೆ.

ನೀನು “ಹೋಗತೇನಿ” ಅಂದದ್ದು ಇದು ಮೊದಲ ಸಲವಲ್ಲ. ೨೦೨೨ರ ಯುಗಾದಿಯ ಮರುದಿನ, ಅದೂ ರವಿವಾರವೇ, ನಿನ್ನ ಮದುವೆಯಾಗಿ ಆರನೆಯ ತಿಂಗಳು, ಹೀಗೇ ಫೋನಿನಲ್ಲಿ ಅಂದಿದ್ದೆ. ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಬಾಯಿ ತಪ್ಪಿರಬೇಕು ಎಂದುಕೊಂಡು ಫೋನು ಇಟ್ಟೆ. ಯಾರದೋ ಪುಸ್ತಕದ ಅಜ್ಜಿ ತಪ್ಪು ಮಾತಾಡಿದರೆ ಪೆನ್ಸಿಲು ಹುಡುಕುವವಳು ನಾನು. ಮುಂದಿನ ರವಿವಾರ ನೀನು “ಬರತೇನಿ” ಅಂದೆ. ಆಮೇಲೆ ಮೂರೂವರೆ ವರ್ಷ ಹಾಗೆಯೇ ಅಂದೆ. ಎಲ್ಲ ಸರಿಯಾಯಿತು ಎಂದು ನಾನು ತಿಳಿದೆ. ಅಕ್ಕ ಬರುವುದಿಲ್ಲ ಎಂದು ನೀನು ತಿಳಿದಿದ್ದೆ.

ಆ ಅಕ್ಟೋಬರ್ ರವಿವಾರದ ಮರುದಿನ ಒಂಬತ್ತನೆಯ ಸಿನಿಮಾವನ್ನು ಮೊಬೈಲಿನಲ್ಲಿ, ಕೆಳಗೆ ಬರುವ ಮಾತುಗಳನ್ನು ಓದುತ್ತ, ಮತ್ತೆ ನೋಡಿದೆ. ಆ ಗುಂಡು ಹಕ್ಕಿಗೆ ಹೊಡೆದದ್ದಲ್ಲ ದಾನವ್ವ. ಅವಳ ಸಂಕೇತ ಕೇಳಿದ ಕೂಡಲೇ ಕೋಟಿನಾಂವ ಎದ್ದು ನಿಲ್ಲುತ್ತಾನೆ. ಅವನ ಸಾಹೇಬ, ಅವಳ ಬಾಯಿ ತಪ್ಪಿರಬೇಕು, ಕೂತುಕೋ ಅನ್ನುತ್ತಾನೆ. ಅವನು ಕೂತುಕೊಳ್ಳುತ್ತಾನೆ. ಅಪ್ಪ ಇದಷ್ಟನ್ನೂ ನಮಗೆ ಹೇಳದೆ ನುಂಗಿದ್ದರು.

ಅನುವಾದದಲ್ಲಿ ಪದ ಬದಲಾದರೂ ಕಥೆ ಮೂಲದ್ದೇ ಇರಬೇಕು ಎಂದು ಜೀವಮಾನವಿಡೀ ವಾದಿಸಿದ್ದೇನೆ. ಈ ಒಂದು ಸಲ ಅಪ್ಪ ಹೇಳಿದ್ದೇ ಖರೆ ಆಗಲಿ. ಅಕ್ಕನ ಮನಿಗಿ ಬಾ.