ಹುದ್ದೆ ನೋಡಿ ಕೊಟ್ಟ ಬ್ಯಾಟರಿ

ಮಾನ್ಯ ವಾಹನ ವಿಭಾಗದ ಮುಖ್ಯಾಧಿಕಾರಿಗಳೇ,

ಕಚೇರಿ ಕೊಡುವ ಎಲೆಕ್ಟ್ರಿಕ್ ಬೈಕಿಗೆ ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದನ್ನು ದಾರಿ ನೋಡಿ ನಿರ್ಧರಿಸಬೇಕು, ಹುದ್ದೆ ನೋಡಿ ಅಲ್ಲ. ಹಾಗೆಂದು ನಂಬಿ ನಡೆದುಕೊಂಡ ತಪ್ಪಿಗೆ ತಾವು ನನಗೆ ನೋಟಿಸ್ ಕೊಟ್ಟಿದ್ದೀರಿ. ಉತ್ತರವನ್ನು ಊರಿಗೆಲ್ಲ ಕೇಳುವಂತೆ ಕೊಡುತ್ತಿದ್ದೇನೆ.

ನಾನು ಮನೆಮನೆಗೆ ಹೋಗಿ ರೋಗಿಗಳ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸ್. ನನ್ನ ಪಾಲಿಗೆ ಬಂದಿರುವುದು ಗುಡ್ಡದ ಮೇಲಿನ ಬಡಾವಣೆ. ಜೊತೆಗೆ ಭಾರದ ಔಷಧ ಪೆಟ್ಟಿಗೆ. ನಮ್ಮ ಹೆಡ್ ಕ್ಲರ್ಕ್ ಮನೆಯಿರುವುದು ಕಚೇರಿಯ ಹಿಂದಿನ ಬೀದಿಯಲ್ಲಿ. ತಾವು ದೊಡ್ಡ ಬ್ಯಾಟರಿಯನ್ನು ಅವರಿಗೂ ಸಣ್ಣದನ್ನು ನನಗೂ ದಯಪಾಲಿಸಿದಿರಿ. ಆಹಾ, ಎಂಥ ವಿವೇಚನೆ! ಆ ಗುಡ್ಡಕ್ಕೂ ನನ್ನ ದರ್ಜೆ ತಿಳಿದಿದ್ದರೆ ಸ್ವಲ್ಪ ತಗ್ಗಿ ನಡೆದುಕೊಳ್ಳುತ್ತಿತ್ತೇನೋ.

ಕಳೆದ ತಿಂಗಳು ಏರಿನ ನಡುವೆ ಚಾರ್ಜ್ ಮುಗಿದು ಬೈಕು ಕೈಕೊಟ್ಟಿತು. ತಳ್ಳಿಕೊಂಡು ಹತ್ತಿ ಹೋಗುವಷ್ಟರಲ್ಲಿ, ಹಾಸಿಗೆ ಹಿಡಿದ ನಿವೃತ್ತ ಮೇಷ್ಟ್ರೊಬ್ಬರು ಹಲ್ಲು ಕಚ್ಚಿಕೊಂಡು ಮಲಗಿದ್ದರು. ನನ್ನನ್ನು ಕಾದು ಕಾದು, ಒಣಗಿ ಅಂಟಿಕೊಂಡಿದ್ದ ಪಟ್ಟಿಯನ್ನು ಅವರ ಮಗಳು ತಾನೇ ಕಿತ್ತಿದ್ದಳು.

"ಅಕ್ಕಾ, ನಾನು ತಪ್ಪು ಮಾಡಿದ್ನಾ? ರಕ್ತ ನಿಲ್ತಾನೇ ಇಲ್ಲ," ಎಂದಳು.

ನಾನೇನು ಹೇಳಲಿ, ಮಾನ್ಯರೇ? ತಪ್ಪು ನಿನ್ನದಲ್ಲ ತಂಗಿ, ನನ್ನ ದರ್ಜೆಯದು ಎನ್ನಲೇ?

ಮರುದಿನ ಹೆಡ್ ಕ್ಲರ್ಕ್ ಬಳಿ ಗೋಳು ತೋಡಿಕೊಂಡೆ. ಅವರು ಸೊಂಟ ಹಿಡಿದುಕೊಂಡೇ ನಕ್ಕರು. "ಅಯ್ಯೋ ತಾಯಿ, ತಗೊಂಡು ಹೋಗಮ್ಮ! ಚಾರ್ಜ್ ಮಾಡೋಕೆ ಈ ಕಲ್ಲುಗುಂಡನ್ನ ಮೂರನೇ ಮಹಡಿಗೆ ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಗಿದೆ. ನಮ್ಮನೆಯವಳು ದಿನಾ ಎಣ್ಣೆ ತಿಕ್ತಾಳೆ, ಜೊತೆಗೆ ತಲೆನೂ ತಿಂತಾಳೆ. ನಿನ್ನ ಸಣ್ಣದು ನನಗೆ ಧಾರಾಳ ಸಾಕು."

ಅಲ್ಲೇ ಅದಲುಬದಲು ಮಾಡಿಕೊಂಡೆವು. ನಾನು ಹೊತ್ತಿಗೆ ಸರಿಯಾಗಿ ತಲುಪತೊಡಗಿದೆ. ಮೇಷ್ಟ್ರ ಗಾಯ ಮಾಯಲು ಶುರುವಾಯಿತು. ಹೆಡ್ ಕ್ಲರ್ಕ್ ನೆಟ್ಟಗೆ ನಿಂತು ಬೈಯುವಷ್ಟು ಚೇತರಿಸಿಕೊಂಡರು.

ಇಷ್ಟು ಜನ ಒಟ್ಟಿಗೆ ಸುಖವಾಗಿದ್ದರೆ ಕಚೇರಿ ಸುಮ್ಮನಿರುತ್ತದೆಯೇ? "ಮೇಲ್ದರ್ಜೆಯ ಬ್ಯಾಟರಿಯನ್ನು ಕೆಳದರ್ಜೆಯ ನೌಕರರು ಅನಧಿಕೃತವಾಗಿ ಬಳಸಿರುವುದು ಶಿಸ್ತಿನ ಉಲ್ಲಂಘನೆ" ಎಂದು ಇಬ್ಬರಿಗೂ ನೋಟಿಸ್ ಬಂತು. ಬ್ಯಾಟರಿಗಳು ತಂತಮ್ಮ ಅಂತಸ್ತಿಗೆ ಮರಳಿದವು. ಈಗ ನಾನು ಮತ್ತೆ ತಳ್ಳುತ್ತಿದ್ದೇನೆ, ಅವರು ಮತ್ತೆ ಹೊರುತ್ತಿದ್ದಾರೆ.

ನೋಟಿಸ್ ಹಿಂಪಡೆಯಿರಿ. ಯಾರ ದಾರಿ ಎಷ್ಟು ದೂರ, ಎಷ್ಟು ಏರು, ಎಷ್ಟು ಹೊರೆ ಎಂದು ಕೇಳಿ ಬ್ಯಾಟರಿ ಹಂಚಿ. ಅದಾಗದಿದ್ದರೆ ನನಗೆ ಬಡ್ತಿ ಕೊಡಿ. ಬ್ಯಾಟರಿಯಷ್ಟೇ ಸಾಕು, ಕುರ್ಚಿ ಬೇಡ. ಅದೂ ಆಗದಿದ್ದರೆ ಸೋಮವಾರ ಬೆಳಿಗ್ಗೆ ತಾವೇ ಗುಡ್ಡದ ಬುಡಕ್ಕೆ ದಯಮಾಡಿಸಿ. ನಾನು ಹ್ಯಾಂಡಲ್ ಹಿಡಿದಿರುತ್ತೇನೆ, ತಾವು ಹಿಂದಿನಿಂದ ತಳ್ಳಿ.

ಇಂತಿ,
ತಮ್ಮ ಆದೇಶಾನುಸಾರ ಏದುಸಿರು ಬಿಡುತ್ತಿರುವ
ಕೆಳದರ್ಜೆಯ ನರ್ಸ್