ಹಾಳೆಯಲ್ಲಿಲ್ಲದ ಮುಖ

ಅನ್ನಪೂರ್ಣೇಶ್ವರಿ ನಗರ, ಬೆಂಗಳೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ರಾಜೀ,

ಗೌರಿ ಹಬ್ಬಕ್ಕೆ ಮುಂಚೆ ನೀನು ಬರೆದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಬೈದುಬಿಡು, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ನಿನ್ನ ಮೊಣಕಾಲು ಮೆಟ್ಟಿಲು ಹತ್ತುವಷ್ಟು ಸುಧಾರಿಸಿದೆ ಎಂದು ಓದಿ ಸಂತೋಷವಾಯಿತು. ಇಲ್ಲಿ ನಮ್ಮ ಯಜಮಾನರು ಪುರುಷೋತ್ತಮ ಪೇಪರು, ವಾಕಿಂಗು, ನನ್ನ ಮೇಲೆ ಟೀಕೆ ಎಂದು ಸುಖವಾಗಿದ್ದಾರೆ. ಮಗಳು ಸ್ಮೃತಿ ಈಗ ಏಳು ತಿಂಗಳ ಬಸುರಿ. ಬಸವೇಶ್ವರನಗರದಿಂದ ಪ್ರತಿ ಶನಿವಾರ ಬಂದು, ನನ್ನ ಕೈಯ ಹುಣಸೆ ಗೊಜ್ಜು ತಿಂದು, ಒಂದು ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾಳೆ.

ಅವಳ ಹೆರಿಗೆಗೆ ನಾನೇ ಬರುತ್ತೇನೆ, ಹೆರಿಗೆ ಕೋಣೆಯೊಳಗೆ ಅವಳ ಪಕ್ಕದಲ್ಲೇ ನಿಲ್ಲುತ್ತೇನೆ ಎಂದು ನೀನು ಬರೆದಿದ್ದೆ. ಅದಕ್ಕೆ ಉತ್ತರ ಕೊಡುವುದಿದೆ. ಮೊದಲು ಬೇರೆಯದನ್ನು ಹೇಳಿಬಿಡುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ.

ರಿಟೈರ್ ಆದ ಮೇಲೆ ನಾನು ಒಂದು ಸಂಶೋಧನೆಗೆ ಸೇರಿಕೊಂಡೆ ಎಂದಿದ್ದೆನಲ್ಲ. ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ ಹೆಂಗಸರ ಮನೆಗೆ ಹೋಗಿ, ಅಲ್ಲಿ ಅವರಿಗೇನಾಯಿತು ಎಂದು ಕೇಳಿ ಬರೆದುಕೊಳ್ಳುವ ಕೆಲಸ. ಅವರ ಮಾತಿನ ಆಧಾರದ ಮೇಲೆ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಹೊಸ ಪಾಠ ಮಾಡುತ್ತಾರಂತೆ. "ಇಪ್ಪತ್ತಾರು ವರ್ಷ ನರ್ಸಿಂಗ್ ಪಾಠ ಹೇಳಿದವಳು ಈಗ ಮನೆ ಮನೆ ಫಾರಂ ತುಂಬಿಸ್ಕೊಂಡು ಓಡಾಡ್ತೀಯಲ್ಲ" ಎಂದು ಪುರುಷೋತ್ತಮ ನಕ್ಕರು. ಮಲ್ಲತ್ತಹಳ್ಳಿಯಿಂದ ಹೊಸಹಳ್ಳಿಯವರೆಗೆ ನಲವತ್ತೊಂದು ಮನೆ ತಿರುಗಿದೆ. ಕಾಫಿ ಕುಡಿದು ಕುಡಿದು ನಿದ್ದೆ ಕೆಟ್ಟಿತು, ಅಷ್ಟೇ ನಷ್ಟ.

ಈ ಕೆಲಸದ ನಿಯಮಗಳನ್ನು ಕೇಳು. ಸಹಿ ಪಡೆಯದೆ ಒಂದು ಪ್ರಶ್ನೆಯನ್ನೂ ಕೇಳಬಾರದು. ಯಾರ ಹೆಸರನ್ನೂ ಎಲ್ಲೂ ಬರೆಯಬಾರದು, ಪ್ರತಿಯೊಬ್ಬರಿಗೂ ಒಂದು ನಂಬರು. ನಮ್ಮ ಕಥೆ ನಾವು ಹೇಳಿಕೊಳ್ಳಬಾರದು. ಕೊನೆಯಲ್ಲಿ ಒಂದು ಹಾಳೆ ಮುಂದಿಡಬೇಕು. ಅದರಲ್ಲಿ ಐದು ಮುಖಗಳ ಚಿತ್ರ, ಅಳುವ ಮುಖದಿಂದ ಹಲ್ಲು ಬಿಟ್ಟು ನಗುವ ಮುಖದವರೆಗೆ. ಆಸ್ಪತ್ರೆಯ ಬಗ್ಗೆ ನಿಮಗೆ ಹೇಗನ್ನಿಸಿತೋ ಆ ಮುಖ ಮುಟ್ಟಿ ಎನ್ನಬೇಕು. ಅವರು ಮುಟ್ಟಿದ್ದನ್ನು ಬರೆದುಕೊಳ್ಳಬೇಕು, ಮತ್ತೊಮ್ಮೆ ಕೇಳಬಾರದು. ಅಳುವುದು ಒಂದು, ನಗುವುದು ಐದು.

ನನ್ನ ಹದಿನೇಳನೆಯ ನಂಬರು ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ವಿಮಲಮ್ಮ. ಹೆಸರು ಹೇಳಬಾರದು ಎಂಬ ನಿಯಮ ಮುರಿಯುತ್ತಿದ್ದೇನೆ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ. ಐವತ್ತೆಂಟು ವಯಸ್ಸು, ಹಳೆಯ ಊರಿನವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಗಂಡ ಮುನಿವೆಂಕಟಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹೋದ ವರ್ಷ ಆಕೆಗೆ ಗರ್ಭಕೋಶ ತೆಗೆದರು. ಆಪರೇಷನ್ ಚೆನ್ನಾಗಿ ಆಯಿತು, ಡಾಕ್ಟರು ದೇವರಂಥವರು ಎಂದರು. ಆಮೇಲೆ ದನಿ ತಗ್ಗಿಸಿದರು.

"ಉಚ್ಚೆ ಪೈಪು ಹಾಕ್ಬೇಕು ಅಂತ ಟೀಚರಮ್ಮ ಬಂದ್ರು. ಹಿಂದೆ ಆರು ಹುಡುಗೀರು. ಒಬ್ಳು ಹಾಕಿದ್ಳು, ಸರಿ ಹೋಗ್ಲಿಲ್ಲ. ತೆಗೆದ್ರು. ಇನ್ನೊಬ್ಳು. ಮತ್ತೆ ಇನ್ನೊಬ್ಳು. ಪರದೆನೂ ಎಳೀಲಿಲ್ಲ. ಯಾಕ್ರಮ್ಮಾ ಅಂದೆ. ಟೀಚರಮ್ಮ ತೊಡೆ ಮೇಲೆ ಫಟ್ ಅಂತ ಒಂದು ಹೊಡೆದು, ಸುಮ್ನಿರಮ್ಮಾ, ಮಕ್ಕಳು ಕಲೀಬೇಡ್ವಾ ಅಂದ್ರು. ಕಲೀಲಿ. ಬೇಡ ಅಂದ್ನಾ? ಒಂದ್ ಮಾತು ಕೇಳ್ಬೋದಿತ್ತಲ್ಲ ನನ್ನ?"

ಅವರ ಮಾತನ್ನು ಹಾಗೇ ಬರೆದುಕೊಂಡೆ. ಮುಖಗಳ ಹಾಳೆ ಮುಂದಿಟ್ಟೆ. ವಿಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹಲ್ಲು ಬಿಟ್ಟು ನಗುವ ಮುಖದ ಮೇಲೆ ಬೆರಳಿಟ್ಟರು. ನಿಯಮದಂತೆ ಐದು ಎಂದು ಬರೆದು, ಕೋಡುಬಳೆ ತಿಂದು ಮನೆಗೆ ಬಂದೆ.

ಒಂದು ವಾರ ಆ ಐದು ನನ್ನನ್ನು ಬಿಡಲಿಲ್ಲ. ಮುಂದಿನ ಸೋಮವಾರ ಮತ್ತೆ ಹೋದೆ, ನಿಯಮ ಹಾಳಾಗಿ ಹೋಗಲಿ ಎಂದುಕೊಂಡು. "ವಿಮಲಮ್ಮಾ, ಅಷ್ಟೆಲ್ಲ ಹೇಳಿ ನಗೋ ಮುಖ ಯಾಕೆ ಮುಟ್ಟಿದ್ರಿ?" ಎಂದು ಕೇಳಿಯೇಬಿಟ್ಟೆ.

"ಇನ್ನೇನ್ ಮಾಡ್ಲಿ? ನೀವು ಮನೇಗೆ ಬಂದೋರು. ಬಂದೋರ್ ಎದುರಿಗೆ ಅಳೋ ಮುಖ ತೋರ್ಸಕ್ಕಾಗ್ತದಾ?"

ಎಂ.ಎಸ್ಸಿ ಓದಿದವರೆಲ್ಲ ಕೂತು ಮಾಡಿದ ಹಾಳೆ, ರಾಜೀ! ಅತಿಥಿಯ ಮುಂದೆ ಹೆಂಗಸರು ಯಾವ ಮುಖ ಇಟ್ಟುಕೊಂಡು ಕೂರುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಇದು ನಮಗೆ ತೋರಿಸುವ ಮುಖವಲ್ಲ, ಆಸ್ಪತ್ರೆಯಲ್ಲಿ ಆವತ್ತು ನಿಮ್ಮ ಮುಖ ಹೇಗಿತ್ತು ಎಂದು ಬಿಡಿಸಿ ಹೇಳಿದೆ. ಹಾಳೆಯನ್ನು ಹತ್ತಿರ ಹಿಡಿದು ನೋಡಿದರು.

"ಆ ಮುಖ ಇದ್ರಲ್ಲಿ ಇಲ್ವಲ್ಲ."

"ಯಾವ್ದು?"

"ನಾನು ಗೋಡೆ ಕಡೆ ತಿರುಗಿಸ್ಕೊಂಡ್ಬಿಟ್ಟಿದ್ದೆ. ಅದನ್ನ ನೀವು ಬರೆದೇ ಇಲ್ಲ."

ಅಲ್ಲೇ ಕೂತು ಅತ್ತೆ. ಅಳಬಾರದು ಎಂಬ ನಿಯಮವೂ ಇತ್ತೋ ಏನೋ, ಗೊತ್ತಿಲ್ಲ.

ವಿಜಯನಗರದ ಆಫೀಸಿಗೆ ಹೋಗಿ ಮುರಳೀಕೃಷ್ಣನಿಗೆ ಎಲ್ಲ ಹೇಳಿದೆ. ಈ ಸಂಶೋಧನೆಯ ಮುಖ್ಯಸ್ಥ ಅವನು, ಡಾಕ್ಟರು, ನಮ್ಮ ಸ್ಮೃತಿಗಿಂತ ಸ್ವಲ್ಪ ದೊಡ್ಡವನು. ಕೆಟ್ಟವನಲ್ಲ. ಕುರ್ಚಿ ಎಳೆದು ಕೊಟ್ಟು, ನೀರು ತರಿಸಿ, ಆಮೇಲೆ ಇಲ್ಲ ಎನ್ನುವ ಪೈಕಿ.

"ಮೇಡಂ, ಸ್ಕೋರ್ ಐದು ಇದೆ. ಡೇಟಾ ಲಾಕ್ ಆಗಿದೆ, ಇನ್ನು ತಿದ್ದಕ್ಕಾಗಲ್ಲ."

"ಐದು ತಪ್ಪು."

"ಮತ್ತೆ ಹೋಗಿ ಕೇಳಿದ್ದು ಪ್ರೋಟೋಕಾಲ್ ಪ್ರಕಾರ ತಪ್ಪು ಮೇಡಂ."

"ಹೌದಪ್ಪಾ, ತಪ್ಪೇ. ನನ್ನ ತಪ್ಪನ್ನೂ ಬರ್ಕೋ, ಅವರ ಮಾತನ್ನೂ ಬರ್ಕೋ."

ಅವನು ಕನ್ನಡಕ ತೆಗೆದು ಒರೆಸಿದ. ಆಮೇಲೆ ನಿಜ ಹೊರಗೆ ಬಂತು. ಆ ವಾರ್ಡಿನಲ್ಲಿ ಕಲಿಯುವ ಹುಡುಗಿಯರ ಕಾಲೇಜಿನವರೇ ನಮಗೆ ಅನುಮತಿ ಕೊಟ್ಟವರಂತೆ. ವರದಿ ಓದುವ ಸಭೆಗೆ ಅವರೂ ಬರುತ್ತಾರಂತೆ. ಒಬ್ಬರ ಮಾತು ಹಿಡಿದುಕೊಂಡು ಅವರ ತರಬೇತಿಯ ಮೇಲೆ ಕೆಸರು ಎರಚುವುದು ಸರಿಯಲ್ಲವಂತೆ. ಸಭೆಯಲ್ಲಿ ನಾನು "ನೂರಕ್ಕೆ ತೊಂಬತ್ತೊಂದು ಜನ ತೃಪ್ತರು" ಎಂಬ ಪುಟ ಓದಿದರೆ ಸಾಕಂತೆ. ಆ ತೊಂಬತ್ತೊಂದರಲ್ಲಿ ವಿಮಲಮ್ಮನೂ ಇದ್ದಾರೆ ಎಂದು ನೆನೆದು ನನಗೆ ಮೈ ಉರಿಯಿತು.

ಮಾತು ಆಡಿದವರು ಅವರು, ಅವರನ್ನು ಕೇಳದೆ ನಾನೂ ಏನನ್ನೂ ಓದಬಾರದು. ಆದ್ದರಿಂದ ಮೂರನೆಯ ಸಲ ಮಲ್ಲತ್ತಹಳ್ಳಿಗೆ ಹೋದೆ. ಮುನಿವೆಂಕಟಪ್ಪ ಗೇಟಿನಲ್ಲೇ, "ಇದೆಲ್ಲ ಯಾಕಮ್ಮಾ ಊರೋರ್ ಮುಂದೆ, ಮನೆ ಮರ್ಯಾದೆ ಅಲ್ವಾ" ಎಂದರು. ಒಳಗಿನಿಂದ ವಿಮಲಮ್ಮನ ದನಿ ಬಂತು. "ಅವತ್ತು ಆರು ಜನದ ಮುಂದೆ ಮಲಗಿದ್ದೋಳು ನಾನು. ಮರ್ಯಾದೆ ಲೆಕ್ಕ ನಂದು. ನೀವು ಸುಮ್ನಿರಿ." ಮುನಿವೆಂಕಟಪ್ಪ ನನಗಾಗಿ ಗೇಟು ತೆಗೆದರು.

"ಓದಿ" ಎಂದರು ವಿಮಲಮ್ಮ. "ನನ್ನ ಹೆಸ್ರೂ ಓದಿ."

"ಹೆಸರು ಹೇಳೋ ಹಾಗಿಲ್ಲ ವಿಮಲಮ್ಮಾ. ಅದು ನಿಯಮ. ನಿಮ್ಮ ಒಳ್ಳೇದಕ್ಕೇ."

"ಚೆನ್ನಾಗದೆ. ನನ್ನ ಕೇಳ್ದಲೆ ಮೈ ಮುಟ್ಬೋದು, ನಾನೇ ಹೇಳು ಅಂದ್ರೂ ಹೆಸ್ರು ಹೇಳಂಗಿಲ್ವಾ?"

ಇದಕ್ಕೆ ಉತ್ತರ ನಿನಗೆ ಗೊತ್ತಿದ್ದರೆ ಬರಿ. ಸಭೆ ಯಾವತ್ತು, ಎಲ್ಲಿ ಎಂದಷ್ಟೇ ಹೇಳಿ ಬಂದೆ.

ಹೋದ ಗುರುವಾರ ಸಭೆ. ಮುಂದಿನ ಸಾಲಿನಲ್ಲಿ ಕಾಲೇಜಿನ ಟ್ಯೂಟರುಗಳು, ಹಿಂದೆ ಬಿಳಿ ಕೋಟಿನ ನಲವತ್ತು ಹುಡುಗಿಯರು. ಮುರಳೀಕೃಷ್ಣ ಮೈಕು ಕೊಟ್ಟ. ತೊಂಬತ್ತೊಂದರ ಪುಟವನ್ನು ಮಡಿಸಿ ಮೇಜಿನ ಮೇಲಿಟ್ಟೆ. "ನಂಬರ್ ಹದಿನೇಳು" ಎಂದು ಶುರು ಮಾಡಿ ವಿಮಲಮ್ಮನ ಮಾತನ್ನು ಒಂದಕ್ಷರ ಬಿಡದೆ ಓದಿದೆ. ಫಟ್ ಅಂತ ಹೊಡೆದಿದ್ದನ್ನೂ, ಗೋಡೆಯ ಕಡೆ ತಿರುಗಿದ್ದನ್ನೂ. ಮುರಳೀಕೃಷ್ಣ ನೆಲ ನೋಡುತ್ತಿದ್ದ.

ನಮಗಿಂತ ಹತ್ತು ವರ್ಷ ಚಿಕ್ಕ ಟ್ಯೂಟರಮ್ಮ ಒಬ್ಬಳು ಎದ್ದು ನಿಂತಳು. "ಮೇಡಂ, ನಾವೆಲ್ಲ ಹೀಗೇ ಅಲ್ವಾ ಕಲಿತಿದ್ದು? ಪೇಷೆಂಟ್ ಮೇಲೆ ಕಲೀದೆ ಗೊಂಬೆ ಮೇಲೇ ಕಲಿಯೋಕಾಗತ್ತಾ? ನೀವು ಹೇಗೆ ಕಲಿಸಿದ್ರಿ, ಅದನ್ನ ಹೇಳಿ."

ಸರಿಯಾದ ಪ್ರಶ್ನೆ. ಮೈಕನ್ನು ಹತ್ತಿರ ಹಿಡಿದು ಹೇಳಿದೆ. "ಹೀಗೇ ಕಲಿತೆ. ಹೀಗೇ ಕಲಿಸಿದೆ. ತೊಡೆ ಮೇಲೆ ನಾನೂ ಹೊಡೆದಿದೀನಿ. ಎಷ್ಟು ಜನಕ್ಕೆ ಅಂತ ನೆನಪಿಲ್ಲ. ನನಗೆ ನೆನಪಿಲ್ಲ, ಅವರಿಗೆಲ್ಲ ನೆನಪಿರತ್ತೆ. ಪೇಷೆಂಟ್ ಮೇಲೇ ಕಲೀರಿ, ಬೇಡ ಅನ್ನಲ್ಲ. ಪರದೆ ಎಳೀರಿ. ನಾನು ಕಲೀತಾ ಇದೀನಿ ಅಮ್ಮಾ, ಮಾಡ್ಲಾ ಅಂತ ಕೇಳಿ. ಬೇಡ ಅಂದ್ರೆ ಕೈ ತೆಗೀರಿ. ಇಷ್ಟನ್ನ ನಾನು ಇಪ್ಪತ್ತಾರು ವರ್ಷದಲ್ಲಿ ಒಂದು ದಿನನೂ ಕಲಿಸಲಿಲ್ಲ."

ಸಭೆಯಲ್ಲಿ ಗುಸುಗುಸು ಶುರುವಾಯಿತು. ಒಬ್ಬರ ಮಾತಿಗೆ ಪುರಾವೆ ಏನು, ಅಂಥವರು ಯಾರೂ ಇಲ್ಲದೆಯೂ ಇರಬಹುದು ಎಂದು ಯಾರೋ ಅಂದರು. ಆಗ ಕೊನೆಯ ಸಾಲಿನಲ್ಲಿ ಹಸಿರು ರೇಷ್ಮೆ ಸೀರೆ ಎದ್ದು ನಿಂತಿತು. ಪಕ್ಕದಲ್ಲಿ ಬಿಳಿ ಪಂಚೆಯ ಮುನಿವೆಂಕಟಪ್ಪ.

"ಹದಿನೇಳು ನಾನೇ. ನನ್ನ ಹೆಸ್ರು ವಿಮಲಮ್ಮ, ಮಲ್ಲತ್ತಹಳ್ಳಿ. ನಿಮ್ಮ ನಿಯಮ ನಿಮಗೆ, ನನ್ನ ಹೆಸ್ರು ನನಗೆ. ಹುಡುಗೀರ್ ಮೇಲೆ ನನಗೆ ಕೋಪ ಇಲ್ಲ. ಆ ಮೂರನೇ ಹುಡುಗಿ ಕೈ ನಡುಗ್ತಾ ಇತ್ತು, ಪಾಪ. ಅವಳನ್ನೂ ಯಾರೂ ಕೇಳಿರ್ಲಿಲ್ಲ."

ಹೇಳಿ ಕೂತುಬಿಟ್ಟರು. ಮುನಿವೆಂಕಟಪ್ಪ ಒಬ್ಬರೇ ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟುತ್ತಿಲ್ಲವೆಂದು ನೋಡಿ, ಇನ್ನೂ ಜೋರಾಗಿ ತಟ್ಟಿದರು.

ಶುಕ್ರವಾರ ಮುರಳೀಕೃಷ್ಣ ಫೋನ್ ಮಾಡಿದ. ವಿಮಲಮ್ಮನ ಮಾತು ವರದಿಯಲ್ಲಿ ಬರುತ್ತದೆ, ಮೊದಲನೇ ಅಧ್ಯಾಯದಲ್ಲೇ. ನಾನು ಹೋಗಿದ್ದ ನಲವತ್ತೊಂದು ಮನೆಗಳಲ್ಲೂ ಮುಖದ ಪ್ರಶ್ನೆಯನ್ನು ಹೊಸದಾಗಿ ಕೇಳಿಸುತ್ತಾರೆ. ಕೇಳುವವಳು ಮಾತ್ರ ನಾನಲ್ಲ. "ನೀವು ರೆಸ್ಟ್ ತಗೊಳ್ಳಿ ಮೇಡಂ" ಎಂದ. ಆಗಲಪ್ಪಾ ಎಂದೆ. ನನ್ನನ್ನು ಬಿಟ್ಟರು ಎಂದು ಒಂದು ಚೂರೂ ಬೇಸರವಿಲ್ಲ. ನಿನ್ನಾಣೆ ಇಲ್ಲ. ಪುರುಷೋತ್ತಮ ಈಗ ನಗುವುದನ್ನು ನಿಲ್ಲಿಸಿದ್ದಾರೆ, ಬೆಳಿಗ್ಗೆ ಅವರೇ ಕಾಫಿ ಮಾಡಿ ತಂದುಕೊಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು, ನಾನು ಹೇಳಲಿಲ್ಲ.

ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಭಗವಂತ ನಿನಗೆ ನೂರು ವರ್ಷ ಗಟ್ಟಿ ಕಾಲು ಕೊಡಲಿ.

ನಿನ್ನ
ತುಂಗಾ

ತಾ.ಕ.: ಉತ್ತರ ಕೊಡುತ್ತೇನೆ ಎಂದಿದ್ದೆ. ಎರಡು ತಿಂಗಳು ಕಾಗದ ಬರೆಯದೆ ಇದ್ದದ್ದು ಇದಕ್ಕೇ.

ಮೂವತ್ತು ವರ್ಷದ ಹಿಂದೆ, ಸ್ಮೃತಿ ಹುಟ್ಟಿದ ದಿನ, ನಾವಿಬ್ಬರೂ ಕೆಲಸ ಮಾಡುತ್ತಿದ್ದ ಅದೇ ವಾರ್ಡಿನಲ್ಲಿ ನಾನು ಮಲಗಿದ್ದೆ. ನೀನಿದ್ದೀಯ ಎಂದೇ ಅಲ್ಲಿಗೆ ಬಂದಿದ್ದೆ. ನೀನು ಆಗ ಹೊಸ ಟ್ಯೂಟರು. ನೋವಿನ ಮಧ್ಯೆ ಕಣ್ಣು ಬಿಟ್ಟರೆ ನಿನ್ನ ಹಿಂದೆ ಎಂಟು ಹುಡುಗಿಯರಿದ್ದರು. "ನಮ್ಮ ತುಂಗಾ ಅಲ್ವಾ, ಏನೂ ಅಂದ್ಕೊಳಲ್ಲ, ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿ" ಎಂದೆ ನೀನು. ಎಂಟು ಜನ, ರಾಜೀ. ಮುಗಿದ ಮೇಲೆ ನಿನಗೆ ಥ್ಯಾಂಕ್ಸ್ ಹೇಳಿದೆ. ನಾಮಕರಣಕ್ಕೆ ನಿನಗೆ ಸೀರೆ ಕೊಟ್ಟೆ. ಮೂವತ್ತು ವರ್ಷ ನಿನ್ನ ಮುಂದೆ ಹಾಳೆಯ ಐದನೇ ಮುಖವನ್ನೇ ಹೊತ್ತು ಓಡಾಡಿದ್ದೇನೆ. ಆ ವಾರ್ಡಿನ ಗೋಡೆಗೆ ತಿಳಿ ಹಸಿರು ಬಣ್ಣ ಇತ್ತು, ಕಿಟಕಿಯ ಕೆಳಗೆ ಸುಣ್ಣ ಎದ್ದಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ನೀನು ನನ್ನ ಕೈ ಹಿಡಿದುಕೊಂಡಿದ್ದೆ. ಅದೂ ನಿಜ. ಅದಕ್ಕೇ ಇಷ್ಟು ಕಷ್ಟ.

ಒಂದನ್ನು ಮಾತ್ರ ಕೇಳುತ್ತೇನೆ. ಗೋಡೆಯ ಕಡೆ ತಿರುಗಿದ ನನ್ನ ಮುಖವನ್ನು ಆವತ್ತು ನೀನು ನೋಡಿದ್ದೆಯಾ? ಯೋಚಿಸಿ ಬರಿ. ನೋಡಿರಲಿಲ್ಲ ಎಂದಾದರೆ ಬಾ, ಬಂದು ಮೊದಲು ಸ್ಮೃತಿಯನ್ನು ಕೇಳು, ಅವಳು ಹೂಂ ಅಂದರೆ ಅವಳ ಪಕ್ಕ ನಿಲ್ಲು. ನೋಡಿಯೂ ಮುಂದಿನವಳನ್ನು ಕರೆದಿದ್ದೆ ಎಂದಾದರೆ, ಅದನ್ನೂ ನಿಜವಾಗಿಯೇ ಬರಿ. ಆಗ ಆ ಕೋಣೆಯ ಬಾಗಿಲಲ್ಲಿ ನಾನು ಅಡ್ಡ ನಿಂತಿರುತ್ತೇನೆ.